ಬಂಡೆ ಮೇಲೆ ಟಾರ್ಪ್: ಮೂರನೇ ಬೇಸಿಗೆಗೆ ಕೈ ಹಿಡಿಯಿತು

ಗೂಟ ಇಳಿಯದ ಬಂಡೆ ಮೇಲೆ ಬರೀ ಟಾರ್ಪ್ ಕಟ್ಟಿ ಮಲಗ್ತೀಯಾ? ಮೊದಲ ಗಾಳಿಗೇ ಹಾರಿ ಹೋಗುತ್ತೆ ನೋಡು. ಜೊತೆಗೆ ಬೆಟ್ಟ ಹತ್ತುವವರೆಲ್ಲ ಹೀಗೇ ಅಂದಿದ್ದರು. ಈ ಸಲ ಬೇಸಿಗೆ ಶುರುವಿನಲ್ಲಿ ಅಂಥದ್ದೇ ಒಂದು ಟಾರ್ಪ್ ಕೆಳಗೆ, ಅಂದರೆ ಹಗ್ಗದಲ್ಲಿ ಎಳೆದು ಕಟ್ಟಿದ ಬಟ್ಟೆಯ ಮಾಡಿನ ಕೆಳಗೆ, ನಾಲ್ಕು ರಾತ್ರಿ ಕಳೆದು ಬಂದೆ. ಎರಡನೇ ಸಂಜೆ ಗುಡುಗು, ಗಾಳಿ, ಆಲಿಕಲ್ಲು ಎಲ್ಲ ಒಟ್ಟಿಗೇ ಬಂದವು. ಒಂದು ಮೂಲೆಯೂ ಬಿಚ್ಚಲಿಲ್ಲ.

ಮೊದಲ ವರ್ಷ ಟೆಂಟ್ ಹೊತ್ತಿದ್ದೆ. ದುಬಾರಿ ಮಾಲು, ತೂಕ ಎರಡೂವರೆ ಕೆಜಿ ಹತ್ತಿರ. ಹನ್ನೆರಡು ಗೂಟಗಳಲ್ಲಿ ಇಳಿದದ್ದು ಎರಡು, ಮೂರು ಬಾಗಿದವು. ಚೂಪು ಕಲ್ಲಿಗೆ ತಳ ಹರಿಯಿತು. ಗಾಳಿ ತುಂಬುವ ಮ್ಯಾಟ್ ಮೊದಲ ರಾತ್ರಿಯೇ ಪಂಕ್ಚರ್. ಅವೆರಡಕ್ಕೆ ಸುರಿದ ದುಡ್ಡಿನ ಆರನೇ ಒಂದು ಪಾಲಿನಲ್ಲಿ ಈಗಿನ ಟಾರ್ಪ್, ಹಗ್ಗ, ಫೋಮ್ ಮ್ಯಾಟ್ ಮೂರೂ ಬಂದಿವೆ. ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ.

ಎರಡನೇ ವರ್ಷ ಮೂರಕ್ಕೆ ಮೂರು ಮೀಟರ್‌ನ ನೈಲಾನ್ ಟಾರ್ಪ್. ಭಾರದ ಕಲ್ಲು ಹುಡುಕಿ ಹಗ್ಗವನ್ನು ನೇರ ಅದಕ್ಕೇ ಸುತ್ತಿದೆ. ರಾತ್ರಿ ಎರಡರ ಸುಮಾರಿಗೆ ಒಂದು ಮೂಲೆ ಪಟಪಟ ಹೊಡೆದುಕೊಳ್ಳತೊಡಗಿತು. ಬೆಳಗಾಗುವ ತನಕ ಅದನ್ನು ಕೈಯಲ್ಲೇ ಹಿಡಿದು ಕೂತಿದ್ದೆ. ಬೆಳಕಾದ ಮೇಲೆ ನೋಡಿದರೆ ಕಲ್ಲು ಕದಲಿಯೇ ಇರಲಿಲ್ಲ. ಅದರ ಅಂಚಿಗೆ ಉಜ್ಜಿ ಉಜ್ಜಿ ಎರಡು ಮಿಲಿಮೀಟರ್ ದಪ್ಪದ ಹಗ್ಗ ತುಂಡಾಗಿತ್ತು. ತುದಿ ಹತ್ತಿಯ ಬತ್ತಿ ಹಾಗೆ ಅರಳಿಕೊಂಡಿತ್ತು. ನಾನು ಒಂದು ವರ್ಷ ಪೂರ್ತಿ ತೂಕದ ಬಗ್ಗೆ ಯೋಚಿಸಿದ್ದೆ. ತೊಂದರೆ ಇದ್ದದ್ದು ಅಂಚಿನಲ್ಲಿ.

ಈ ಸಲ ಹಗ್ಗವನ್ನು ಮುಷ್ಟಿ ಗಾತ್ರದ ಗುಂಡು ಕಲ್ಲಿಗೆ ಕಟ್ಟಿದೆ. ಅದಕ್ಕೂ ಟಾರ್ಪ್‌ಗೂ ನಡುವೆ, ಹಗ್ಗದ ಮೇಲೆ ದೊಡ್ಡ ಕಲ್ಲು ಇಟ್ಟೆ. ಗಾಳಿ ಎಳೆದಷ್ಟೂ ಚಿಕ್ಕ ಕಲ್ಲು ದೊಡ್ಡದರ ಬೆನ್ನಿಗೆ ಸಿಕ್ಕಿಕೊಳ್ಳುತ್ತದೆ. ದೊಡ್ಡ ಕಲ್ಲಿನ ಅಡಿಗೆ ಹೋಗುವ ಕಡೆ ಹಗ್ಗಕ್ಕೆ ಹಳೇ ಸೈಕಲ್ ಟ್ಯೂಬಿನ ತುಂಡು ತೊಡಿಸಿದ್ದೆ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ. ಬಟ್ಟೆಯೂ ಬದಲು, ಪಾಲಿಯೆಸ್ಟರ್. ನೈಲಾನ್ ಒದ್ದೆಯಾದರೆ ಜೋಲು ಬೀಳುತ್ತದೆ, ಮಳೆಯಲ್ಲಿ ಎದ್ದು ಹೋಗಿ ಬಿಗಿಯಬೇಕು. ಗಾಳಿ ಬೀಸುವ ಕಡೆಯ ಮೂಲೆಗೆ ನಾನು ಹಾಕುವ ಗಂಟು ಬೇರೆ ಇದೆ. ಅದನ್ನು ಸದ್ಯಕ್ಕೆ ನನ್ನ ಹತ್ತಿರವೇ ಇಟ್ಟುಕೊಂಡಿರುತ್ತೇನೆ.

ಜಾಗದ ವಿಷಯಕ್ಕೂ ಒಂದು ಪ್ರಯೋಗ ಮಾಡಿದೆ. ತೊರೆ ಪಕ್ಕದ ಹುಲ್ಲಿನ ಸಮತಟ್ಟು ಜಾಗ ನೋಡಲು ಚೆನ್ನಾಗಿರುತ್ತೆ, ಎಲ್ಲರೂ ಅಲ್ಲೇ ಬೀಡು ಬಿಡುತ್ತಾರೆ. ಆದರೆ ರಾತ್ರಿ ತಣ್ಣನೆ ಗಾಳಿ ಇಳಿದು ಬಂದು ನಿಲ್ಲುವುದೂ ಅಲ್ಲೇ ಅಲ್ವಾ? ಒಂದು ಥರ್ಮಾಮೀಟರ್ ಕೆಳಗಿಟ್ಟೆ, ಇನ್ನೊಂದು ನಲವತ್ತು ಮೀಟರ್ ಮೇಲಿನ ಬಂಡೆ ಹಾಸಿನಲ್ಲಿ. ಬೆಳಗಿನ ಜಾವ ಕೆಳಗೆ ಮೂರು ಡಿಗ್ರಿ, ಮೇಲೆ ಏಳರ ಹತ್ತಿರ. ಮೇಲೆ ಇಬ್ಬನಿಯೂ ಕಮ್ಮಿ. ಹಾಸು ಬೆಟ್ಟದ ತುದಿಯ ಅಂಚಿಗಿಂತ ಸಾಕಷ್ಟು ಕೆಳಗಿರಬೇಕು. ಗುಡುಗುವಾಗ ನೆತ್ತಿ ಮೇಲೆ ಟಾರ್ಪ್ ಎತ್ತುವ ಲೋಹದ ಕೋಲು ನಿಲ್ಲಿಸಿಕೊಂಡು ಕೂರುವ ಹುಚ್ಚು ಬೇಡ.

ಥರ್ಮಾಮೀಟರ್ ನೋಡಲು ಇಳಿದಾಗಲೇ ತೊರೆಯ ಅಂಚಿಗೂ ಕಲ್ಲಿಟ್ಟು ಗುರುತು ಮಾಡಿದ್ದೆ. ಬಿಸಿಲೇರಿದಂತೆ ಮೇಲಿನ ಹಿಮ ಕರಗುತ್ತದೆ. ಸಂಜೆ ಐದಕ್ಕೆ ಮಂಡಿ ಮುಟ್ಟುವ ನೀರು ಬೆಳಗಿನ ಜಾವ ಪಾದದ ಗಂಟಿನವರೆಗೆ ಇಳಿದಿತ್ತು. ಹಿಂದಿನ ವರ್ಷ ಸುಮ್ನೆ ಹಠ ಮಾಡಿ ಸಂಜೆ ದಾಟಲು ಹೋಗಿ ಒಂದು ಶೂ ಕಳೆದುಕೊಂಡಿದ್ದೆ. ಈಗ ಬೆಳಗಿನ ಜಾವ ನಾಲ್ಕೂವರೆಗೇ ಹೊರಡುತ್ತೇನೆ, ಮಧ್ಯಾಹ್ನ ಒಂದರೊಳಗೆ ಟಾರ್ಪ್ ಎದ್ದು ನಿಂತಿರುತ್ತದೆ.

ಆಲಿಕಲ್ಲಿಗೆ ಬಟ್ಟೆಯಲ್ಲಿ ಎರಡು ಸಣ್ಣ ತೂತು ಬಿದ್ದಿವೆ, ತೇಪೆ ಹಾಕಿದ್ದೇನೆ. ಹಾರಿ ಹೋಗುತ್ತೆ ಅಂದಿದ್ದ ಗೆಳೆಯ ಮೊನ್ನೆ ಹಗ್ಗದ ಅಳತೆ ಕೇಳಿ ಬರೆದುಕೊಂಡ. ಒಟ್ಟು ಹದಿನೆಂಟು ಮೀಟರ್, ಎಂಟು ತುಂಡು.