ಹೋಮ್ ಅಸಿಸ್ಟೆಂಟ್‌ಗೆ ಬೇರೆಯದೇ ಪೈಥಾನ್: ನನ್ನ ಅನುಭವ

ಸಂಪಿನಿಂದ ನೀರು ಏರಿಸುವ ಮೋಟಾರು ಆರಿಸಲು ನಮ್ಮಲ್ಲಿ ಯಾರಾದರೂ ಮರೆತರೆ, ಟ್ಯಾಂಕು ತುಂಬಿದ ನೀರು ಪಕ್ಕದ ಮನೆಯ ಅಂಗಳಕ್ಕೆ ಸುರಿಯುತ್ತದೆ. ಬೇಸಿಗೆಯಲ್ಲಿ ಅದನ್ನು ನೋಡುವಾಗ ಹೊಟ್ಟೆ ಉರಿಯುತ್ತಿತ್ತು. 2024ರ ಏಪ್ರಿಲ್‌ನಲ್ಲಿ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಹೋಮ್ ಅಸಿಸ್ಟೆಂಟ್ (ಮನೆಯ ಉಪಕರಣಗಳನ್ನು ತಾನಾಗಿ ನಡೆಸುವ ಸಾಫ್ಟ್‌ವೇರ್) ಹಾಕಲು ಕುಳಿತದ್ದು ಇದಕ್ಕಾಗಿಯೇ. ಅದರದ್ದೇ ಆಪರೇಟಿಂಗ್ ಸಿಸ್ಟಮ್ ಹಾಕಿದ್ದರೆ ಕೆಲಸ ಸುಲಭವಿತ್ತು. ಆದರೆ ಅದು ಇಡೀ ಪೈಯನ್ನು ತನ್ನದಾಗಿಸಿಕೊಳ್ಳುತ್ತದೆ, ನನ್ನ ಪೈಯಲ್ಲಿ ಮನೆಯ ಫೋಟೊಗಳ ಬ್ಯಾಕಪ್ ಆಗಲೇ ನಡೆಯುತ್ತಿತ್ತು.

ಹೋಮ್ ಅಸಿಸ್ಟೆಂಟ್ ಬರೆದಿರುವುದು ಪೈಥಾನ್ ಭಾಷೆಯಲ್ಲಿ. ಪೈಥಾನ್ ಪ್ರೋಗ್ರಾಮುಗಳನ್ನು ತಂದು ಹಾಕುವ ಪಿಪ್‌ನಿಂದ ನೇರವಾಗಿ ಹಾಕಲು ಹೋದಾಗ ಪೈಯ ಆಪರೇಟಿಂಗ್ ಸಿಸ್ಟಮ್ ಆದ ಡೆಬಿಯನ್ 12 ತಡೆಯಿತು. ಇಲ್ಲಿನ ಪೈಥಾನನ್ನು ಸಿಸ್ಟಮ್ಮೇ ನೋಡಿಕೊಳ್ಳುತ್ತದೆ, ನೀವು ಕೈಹಾಕಬೇಡಿ ಎಂಬುದು ಆ ಸಂದೇಶದ ಅರ್ಥ. ಅದನ್ನು ಮೀರಲು ಒಂದು ಆಯ್ಕೆ ಇದೆ, ನಾನು ಬಳಸಲಿಲ್ಲ. ಹೋಮ್ ಅಸಿಸ್ಟೆಂಟ್ ನೂರಾರು ಲೈಬ್ರರಿಗಳನ್ನು (ಸಿದ್ಧ ಕೋಡಿನ ಕಟ್ಟುಗಳು) ಕೇಳುತ್ತದೆ, ಅವುಗಳಲ್ಲಿ ಹಲವಕ್ಕೆ ಇಂಥದ್ದೇ ಆವೃತ್ತಿ ಬೇಕೆಂದು ಪಟ್ಟು ಹಿಡಿಯುತ್ತದೆ. ಅವು ಸಿಸ್ಟಮ್ಮಿನ ಲೈಬ್ರರಿಗಳೊಂದಿಗೆ ಬೆರೆತರೆ ಬ್ಯಾಕಪ್ ಯಾವ ದಿನ ನಿಲ್ಲುತ್ತದೋ ಹೇಳಲಾಗದು.

ಹಾಗಾಗಿ ವರ್ಚುವಲ್ ಎನ್ವಿರಾನ್‌ಮೆಂಟ್, ಅಂದರೆ ವಿಎನ್‌ವಿ. ಕೊನೆಗೆ ನೋಡಿದರೆ ಅದೊಂದು ಫೋಲ್ಡರ್ ಅಷ್ಟೆ. ಅದರಲ್ಲಿ ಬಿನ್ ಎಂಬ ಫೋಲ್ಡರಿನ ಒಳಗೆ ಪೈಥಾನಿಗೆ ಒಂದು ಲಿಂಕ್, ಲಿಬ್ ಎಂಬುದರ ಒಳಗೆ ಅದಕ್ಕೆ ಮಾತ್ರ ಸೇರಿದ ಲೈಬ್ರರಿಗಳು. ಇದಕ್ಕಾಗಿ ಬೇರೆ ಯೂಸರ್ ಒಬ್ಬನನ್ನೂ ಮಾಡಿದೆ. ಪೈಗೆ ಚುಚ್ಚಿದ ಯುಎಸ್‌ಬಿ ಡಾಂಗಲ್ ಅವನ ಕೈಗೆ ಸಿಗಲೆಂದು, ಅಂಥ ಸಾಧನ ಬಳಸಲು ಅನುಮತಿ ಇರುವ ಡಯಲ್‌ಔಟ್ ಗುಂಪಿಗೆ ಅವನನ್ನು ಸೇರಿಸಿದೆ.

ಪಿಪ್ ಏನೂ ಹೇಳದೆ 2024.3 ಆವೃತ್ತಿಯನ್ನು ತಂದಿಟ್ಟಿತು. ಹೊಸದಾಗಿ ಬಂದಿದ್ದ 2024.4 ಏಕಿಲ್ಲ ಎಂದು ಹುಡುಕಿದಾಗ ತಿಳಿಯಿತು: ಅದಕ್ಕೆ ಪೈಥಾನ್ 3.12 ಬೇಕು, ಡೆಬಿಯನ್ 12ರಲ್ಲಿರುವುದು 3.11. ಕೂಡಲೇ 3.12ರ ಸೋರ್ಸ್ (ಮೂಲ ಕೋಡ್) ಇಳಿಸಿ ಪೈಯಲ್ಲೇ ಕಂಪೈಲ್ ಮಾಡಿದೆ, ಅಂದರೆ ಓಡಬಲ್ಲ ಪ್ರೋಗ್ರಾಮಾಗಿ ಕಟ್ಟಿದೆ. ಕೊನೆಯಲ್ಲಿ 'ಮೇಕ್ ಇನ್‌ಸ್ಟಾಲ್' ಕೊಡದೆ 'ಮೇಕ್ ಆಲ್ಟ್‌ಇನ್‌ಸ್ಟಾಲ್' ಕೊಡಬೇಕು, ಆಗ ಹಳೆಯ ಪೈಥಾನ್ ತನ್ನ ಹೆಸರಿನಲ್ಲಿ ತನ್ನ ಜಾಗದಲ್ಲೇ ಉಳಿಯುತ್ತದೆ. ಒಂದು ತಪ್ಪು ಮಾಡಿದ್ದೆ. ಎಸ್‌ಕ್ಯೂಲೈಟ್ ಎಂಬ ಚಿಕ್ಕ ಡೇಟಾಬೇಸಿನ ಡೆವಲಪ್‌ಮೆಂಟ್ ಪ್ಯಾಕೇಜ್ ಹಾಕದೆಯೇ ಕಂಪೈಲ್ ಮಾಡಿದ್ದರಿಂದ ಹೊಸ ಪೈಥಾನಿನಲ್ಲಿ ಆ ಮಾಡ್ಯೂಲೇ ಇರಲಿಲ್ಲ. ಹೋಮ್ ಅಸಿಸ್ಟೆಂಟ್ ಸೆನ್ಸರ್‌ಗಳ ಇತಿಹಾಸವನ್ನು ಬರೆದಿಡುವುದು ಎಸ್‌ಕ್ಯೂಲೈಟ್‌ನಲ್ಲೇ. ಪ್ಯಾಕೇಜ್ ಹಾಕಿ ಮತ್ತೊಮ್ಮೆ ಕಂಪೈಲ್ ಮಾಡಿದಾಗ ರಾತ್ರಿ ಹನ್ನೊಂದೂವರೆ.

ಹಳೆಯ ವಿಎನ್‌ವಿ ಫೋಲ್ಡರನ್ನು ಪೂರ್ತಿ ಅಳಿಸಿ 3.12ರಿಂದ ಹೊಸದು ಕಟ್ಟಿದೆ. ಅಳಿಸುವಾಗ ಭಯವಾಗಲಿಲ್ಲ, ಏಕೆಂದರೆ ಸೆಟ್ಟಿಂಗ್‌ಗಳು ಅದರೊಳಗೆ ಇರುವುದಿಲ್ಲ. ಅವು ಯೂಸರ್‌ನ ಹೋಮ್ ಫೋಲ್ಡರಿನಲ್ಲಿ, ಚುಕ್ಕಿಯಿಂದ ಶುರುವಾಗುವ ಹೆಸರಿನ ಬೇರೆ ಫೋಲ್ಡರಿನಲ್ಲಿರುತ್ತವೆ. ನನಗೆ ಈ ಪದ್ಧತಿ ಹಿಡಿಸಿದ್ದೇ ಇದಕ್ಕೆ. ಬ್ಯಾಕಪ್ ಬೇಕಾಗಿರುವುದೂ ಆ ಫೋಲ್ಡರಿಗೆ ಮಾತ್ರ.

ಮೊದಲ ಸಲ ಚಾಲೂ ಮಾಡಿದಾಗ ಸ್ವಲ್ಪ ಕಾಯಬೇಕು, ಇನ್ನಷ್ಟು ಲೈಬ್ರರಿಗಳನ್ನು ಅದು ಆಗಲೇ ತರಿಸಿಕೊಳ್ಳುತ್ತದೆ. ಆಮೇಲೆ ಬ್ರೌಸರಿನಲ್ಲಿ ಪೈಯ ವಿಳಾಸದ 8123 ಪೋರ್ಟಿನಲ್ಲಿ ಅದರ ಪುಟ ತೆರೆದುಕೊಳ್ಳುತ್ತದೆ. ಕರೆಂಟ್ ಹೋಗಿ ಬಂದಾಗ ತಾನಾಗಿ ಏಳಲು, ಪ್ರೋಗ್ರಾಮುಗಳನ್ನು ಚಾಲೂ ಮಾಡಿ ನೋಡಿಕೊಳ್ಳುವ ಸಿಸ್ಟಮ್‌ಡಿಗೆ ಒಂದು ಸರ್ವಿಸ್ ಬರೆದೆ. ಅದರಲ್ಲಿ ವಿಎನ್‌ವಿಯ ಬಿನ್ ಒಳಗಿರುವ, ಹೋಮ್ ಅಸಿಸ್ಟೆಂಟನ್ನು ಚಾಲೂ ಮಾಡುವ 'ಹ್ಯಾಸ್' ಫೈಲಿನ ಪೂರ್ತಿ ಪಾತ್ ಕೊಟ್ಟರೆ ಸಾಕು, ಮೊದಲು ವಿಎನ್‌ವಿಯನ್ನು ಆಕ್ಟಿವೇಟ್ ಮಾಡುವ ಅಗತ್ಯವಿಲ್ಲ.

ಟ್ಯಾಂಕಿನ ಮುಚ್ಚಳದಡಿ ನೀರು ತಾಗದ ಅಲ್ಟ್ರಾಸಾನಿಕ್ ಸೆನ್ಸರ್, ಅದಕ್ಕೊಂದು ಇಎಸ್‌ಪಿ8266 (ವೈಫೈ ಇರುವ ಪುಟ್ಟ ಚಿಪ್). ಮಟ್ಟ 90 ಶೇಕಡ ಮುಟ್ಟಿದರೆ ಮೋಟಾರು ಆಫ್. ಮೋಟಾರಿನ ತಂತಿಯನ್ನು ಚಿಕ್ಕ ರಿಲೇಗೆ (ವಿದ್ಯುತ್ತಿನಿಂದ ನಡೆಯುವ ಸ್ವಿಚ್) ನೇರವಾಗಿ ಕೊಡಬೇಡಿ, ಒಳಗಿನ ಕಾಂಟ್ಯಾಕ್ಟ್ ಅಂಟಿಕೊಂಡರೆ ಮೋಟಾರು ನಿಲ್ಲುವುದೇ ಇಲ್ಲ. ನಾನು ಎಲೆಕ್ಟ್ರಿಷಿಯನ್‌ರಿಂದ ಕಾಂಟ್ಯಾಕ್ಟರ್ (ಮೋಟಾರಿನ ಹೆಚ್ಚು ಕರೆಂಟ್ ತಡೆಯುವ ದೊಡ್ಡ ಸ್ವಿಚ್) ಹಾಕಿಸಿದೆ.

2025ರ ಮೇ ತಿಂಗಳಲ್ಲಿ ಹೋಮ್ ಅಸಿಸ್ಟೆಂಟ್ ತಂಡ ಈ ಪದ್ಧತಿಗೆ ಬೆಂಬಲ ನಿಲ್ಲಿಸುವುದಾಗಿ ಹೇಳಿತು, 2025.12 ಆವೃತ್ತಿ ಬಂದಮೇಲೆ ಬೆಂಬಲವಿಲ್ಲ ಎಂದಿತು. ಹೊಸದಾಗಿ ಹಾಕುವವರು ಡಾಕರ್ ಕಂಟೇನರ್ (ಪ್ರೋಗ್ರಾಮು, ಅದಕ್ಕೆ ಬೇಕಾದ ಪೈಥಾನ್, ಲೈಬ್ರರಿ ಎಲ್ಲ ಸೇರಿದ ಒಂದೇ ಕಟ್ಟು) ಹಿಡಿಯುವುದೇ ಸರಿ. ನಾನೂ ಒಂದು ಭಾನುವಾರ ಅದಕ್ಕೆ ಸಾಗಿಸಿದೆ. ಸರ್ವಿಸ್ ನಿಲ್ಲಿಸಿ, ಅದೇ ಸೆಟ್ಟಿಂಗ್ ಫೋಲ್ಡರನ್ನು ಕಂಟೇನರಿಗೆ ಜೋಡಿಸಿ ಚಾಲೂ ಮಾಡಿದೆ. ಟ್ಯಾಂಕಿನ ಗ್ರಾಫು ಆ ಬೆಳಿಗ್ಗೆ ನಿಂತಲ್ಲಿಂದಲೇ ಮುಂದುವರಿಯಿತು.