ಎರಡು ಸಾಮಾನ್ಯ ಪಿನ್ನುಗಳಲ್ಲಿ ಐಟುಸಿ ಓಡಿಸುವ ಬಗೆ

ಬೋರ್ಡು ತಯಾರಾಗಿ ಕೈಗೆ ಬಂದ ಮೇಲೆ ಕಣ್ಣಿಗೆ ಬಿತ್ತು: ಡಿಎಸ್1307 ಗಡಿಯಾರದ ಚಿಪ್ಪಿನಿಂದ ಹೊರಟ ಎರಡು ಲೈನುಗಳು, ಡೇಟಾದ ಎಸ್‌ಡಿಎ ಮತ್ತು ಕ್ಲಾಕಿನ ಎಸ್‌ಸಿಎಲ್, ಎಟಿಮೆಗಾ328ಪಿ ಮೈಕ್ರೋಕಂಟ್ರೋಲರಿನ ಐಟುಸಿ (I2C, ಎರಡೇ ತಂತಿಗಳಲ್ಲಿ ಚಿಪ್ಪುಗಳು ಮಾತಾಡುವ ಪದ್ಧತಿ) ಪಿನ್ನುಗಳಿಗೆ ಹೋಗದೆ ಯಾವುದೋ ಎರಡು ಮಾಮೂಲಿ ಪಿನ್ನುಗಳಿಗೆ ಹೋಗಿವೆ. ಸ್ಕೀಮ್ಯಾಟಿಕ್ ಬರೆದವನು ನಾನೇ, ಬೈಯಲು ಬೇರೆ ಯಾರೂ ಇಲ್ಲ. ಹೋಗಲಿ, ಬಿಟ್ ಬ್ಯಾಂಗಿಂಗ್ ಮಾಡಿದರಾಯಿತು, ಅಂದರೆ ಪಿನ್ನುಗಳನ್ನು ಕೋಡಿನಿಂದಲೇ ಕುಣಿಸಿದರಾಯಿತು, ಒಂದು ಸಂಜೆಯ ಕೆಲಸ ಅಂದುಕೊಂಡೆ. ನಾಲ್ಕು ಸಂಜೆ ಹಿಡಿಯಿತು. ಆ ನಾಲ್ಕು ಸಂಜೆ ನಿಮಗೆ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ಮೊದಲ ಸಂಜೆ ಪೂರ್ತಿ ಹೋದದ್ದು ಒಂದೇ ತಪ್ಪಿಗೆ. ಲೈನು 1 ಆಗಬೇಕಾದಾಗ ಪಿನ್ನಿಗೆ 1 ಬರೆದೆ. ಕೇಳಲು ಸರಿಯಾಗಿಯೇ ಇದೆ, ಅಲ್ಲವೇ? ಆದರೆ ಐಟುಸಿಯಲ್ಲಿ ಯಾರೂ ಲೈನನ್ನು ಮೇಲಕ್ಕೆ ತಳ್ಳುವಂತಿಲ್ಲ. ಕೆಳಗೆ ಎಳೆಯಬಹುದು, ಇಲ್ಲವೇ ಬಿಟ್ಟುಬಿಡಬಹುದು. ಬಿಟ್ಟಾಗ ಮೇಲೆತ್ತುವುದು ಪುಲ್-ಅಪ್ ರೆಸಿಸ್ಟರಿನ ಕೆಲಸ. ಒಂಬತ್ತನೆಯ ಬಿಟ್ಟಿನಲ್ಲಿ ಚಿಪ್ಪು ಆಕ್ (‘ಬೈಟ್ ಸಿಕ್ಕಿತು’ ಅನ್ನುವ ಉತ್ತರ) ಕೊಡಲು ಲೈನನ್ನು ಕೆಳಗೆ ಎಳೆಯುತ್ತಿತ್ತು, ನನ್ನ ಪಿನ್ನು ಮೇಲಕ್ಕೆ ತಳ್ಳುತ್ತಿತ್ತು. ಆಸಿಲೋಸ್ಕೋಪಿನಲ್ಲಿ ವೋಲ್ಟೇಜು ಅತ್ತ 0 ಅಲ್ಲ, ಇತ್ತ 5 ಅಲ್ಲ, ನಡುವೆ ತ್ರಿಶಂಕುವಿನ ಹಾಗೆ ನಿಂತಿತ್ತು.

ಎವಿಆರ್‌ನಲ್ಲಿ (ಎಟಿಮೆಗಾ ಆ ಜಾತಿಯದೇ) ಇದಕ್ಕೆ ಸುಲಭದ ದಾರಿ ಇದೆ. ಪೋರ್ಟ್ ರಿಜಿಸ್ಟರಿನಲ್ಲಿ ಆ ಎರಡು ಬಿಟ್ಟುಗಳನ್ನು ಶುರುವಿನಲ್ಲೇ 0 ಮಾಡಿ, ಆಮೇಲೆ ಮುಟ್ಟಲೇಬೇಡಿ. ಬದಲಿಸುವುದು ಡಿಡಿಆರ್, ಅಂದರೆ ದಿಕ್ಕಿನ ರಿಜಿಸ್ಟರನ್ನು ಮಾತ್ರ. ಪಿನ್ನನ್ನು ಔಟ್‌ಪುಟ್ ಮಾಡಿದರೆ ಲೈನು ಕೆಳಗೆ, ಇನ್‌ಪುಟ್ ಮಾಡಿದರೆ ಬಿಟ್ಟಂತೆ. ಕೋಡಿನ ಇನ್ನೊಂದು ಮೂಲೆಯಲ್ಲಿ ಯಾರಾದರೂ ಇಡೀ ಪೋರ್ಟಿಗೆ ಒಟ್ಟಿಗೆ ಬರೆಯುತ್ತಿದ್ದಾರಾ ನೋಡಿಕೊಳ್ಳಿ. ಎಸ್‌ಟಿಎಂ32ರಂಥ ಚಿಪ್ಪುಗಳಲ್ಲಿ ಪಿನ್ನಿಗೇ ಓಪನ್ ಡ್ರೈನ್ ಮೋಡ್ ಇರುತ್ತದೆ. ಅಲ್ಲಿ 1 ಬರೆದರೇ ಬಿಟ್ಟಂತೆ, ಈ ಸರ್ಕಸ್ಸು ಬೇಡ.

ರೆಸಿಸ್ಟರ್ ಯಾಕೆ, ಒಳಗಿನ ಪುಲ್-ಅಪ್ ಇದೆಯಲ್ಲ ಅನ್ನಬೇಡಿ. ಅದು 20ರಿಂದ 50 ಕಿಲೋ ಓಮ್. ಲೈನಿನ ಕೆಪಾಸಿಟೆನ್ಸ್ 50 ಪಿಕೋಫ್ಯಾರಡ್, ಪುಲ್-ಅಪ್ 40 ಕಿಲೋ ಓಮ್ ಎಂದಿಟ್ಟುಕೊಂಡರೆ ಲೈನು ಏರಲು ಸುಮಾರು 1.7 ಮೈಕ್ರೋಸೆಕೆಂಡ್ ಬೇಕು. 100 ಕಿಲೋಹರ್ಟ್ಸ್‌ನಲ್ಲಿ ನಿಯಮ ಕೊಡುವುದು 1 ಮೈಕ್ರೋಸೆಕೆಂಡ್ ಮಾತ್ರ. 4.7 ಕಿಲೋ ಓಮ್ ಹಾಕಿದರೆ 0.2ರಲ್ಲಿ ಮುಗಿಯುತ್ತದೆ. ಎರಡು ರೆಸಿಸ್ಟರ್ ಬೆಸುಗೆ ಹಾಕಿ, ನೆಮ್ಮದಿಯಾಗಿರಿ.

ಇನ್ನು ವೇಗ. ಡಿಎಸ್1307 ನಡೆಯುವುದು 100 ಕಿಲೋಹರ್ಟ್ಸ್‌ವರೆಗೆ. ಕ್ಲಾಕು ಕೆಳಗೆ ಕನಿಷ್ಠ 4.7, ಮೇಲೆ ಕನಿಷ್ಠ 4 ಮೈಕ್ರೋಸೆಕೆಂಡ್ ಇರಬೇಕು. ನಾನು ಎರಡಕ್ಕೂ 5 ಇಟ್ಟೆ. 16 ಮೆಗಾಹರ್ಟ್ಸ್‌ನಲ್ಲಿ ಅದು 80 ಸೈಕಲ್. ನಿಧಾನವಾದರೆ ಏನೂ ಕೆಡುವುದಿಲ್ಲ, ಏಕೆಂದರೆ ಕ್ಲಾಕು ನಮ್ಮ ಕೈಯಲ್ಲೇ ಇದೆ. ನಡುವೆ ಇಂಟರಪ್ಟ್ (ಪ್ರೊಸೆಸರನ್ನು ಬೇರೆ ಕೆಲಸಕ್ಕೆ ಎಳೆಯುವ ತುರ್ತು ಕರೆ) ಬಂದರೂ ಆ ಒಂದು ಬಿಟ್ಟು ಉದ್ದವಾಗುತ್ತದೆ, ಅಷ್ಟೆ. 9600 ವೇಗದ ಯುಎಆರ್‌ಟಿಯನ್ನು (ಕ್ಲಾಕ್ ಲೈನಿಲ್ಲದ ಸೀರಿಯಲ್ ಸಂಪರ್ಕ) ಹೀಗೇ ಬರೆಯಲು ಹೋದರೆ ಪ್ರತಿ ಬಿಟ್ಟಿಗೂ 104 ಮೈಕ್ರೋಸೆಕೆಂಡ್ ಲೆಕ್ಕ ತಪ್ಪುವಂತಿಲ್ಲ, ಇಂಟರಪ್ಟ್ ಬಂದರೆ ಅಕ್ಷರವೇ ಹಾಳು. ಹಾಗಾಗಿ ಬಿಟ್ ಬ್ಯಾಂಗಿಂಗ್ ಕಲಿಯುವವರಿಗೆ ನಾನು ಹೇಳುವುದು ಐಟುಸಿಯಿಂದ ಶುರುಮಾಡಿ ಅಂತಲೇ. ಐಟುಸಿಯ ಹತ್ತಿರದ ನೆಂಟ ಎಸ್‌ಎಂಬಸ್ ಜಾತಿಯ ಚಿಪ್ಪುಗಳ ಹತ್ತಿರ ಮಾತ್ರ ಈ ಸಲಿಗೆ ಬೇಡ. ಕ್ಲಾಕನ್ನು 25 ಮಿಲಿಸೆಕೆಂಡ್ ದಾಟಿ ಕೆಳಗೆ ಹಿಡಿದರೆ ಅವು ಮಾತು ನಿಲ್ಲಿಸಿಬಿಡಬಹುದು.

ಬೈಟ್ ಕಳಿಸುವ ಭಾಗ ಇಷ್ಟೇ. ಎತ್ತರದ ಬಿಟ್ಟು ಮೊದಲು ಹೋಗುತ್ತದೆ.

ಬೈಟ್ ಬರೆ:
  8 ಸಲ:
    ಎತ್ತರದ ಬಿಟ್ಟು 1 ಆದರೆ ಎಸ್‌ಡಿಎ ಬಿಡು, 0 ಆದರೆ ಎಳೆ
    ಬೈಟನ್ನು ಎಡಕ್ಕೆ ಒಂದು ಸರಿಸು
    ಕಾಯಿ, ಎಸ್‌ಸಿಎಲ್ ಬಿಡು, ಮೇಲೇರಿತೇ ನೋಡು
    ಕಾಯಿ, ಎಸ್‌ಸಿಎಲ್ ಎಳೆ
  ಎಸ್‌ಡಿಎ ಬಿಡು
  ಕಾಯಿ, ಎಸ್‌ಸಿಎಲ್ ಬಿಡು, ಮೇಲೇರಿತೇ ನೋಡು
  ಕಾಯಿ, ಎಸ್‌ಡಿಎ ಓದು — 0 ಬಂದರೆ ಆಕ್
  ಎಸ್‌ಸಿಎಲ್ ಎಳೆ

‘ಮೇಲೇರಿತೇ ನೋಡು’ ಅನ್ನುವುದನ್ನು ಬಿಟ್ಟುಬಿಡುವ ಆಸೆಯಾಗುತ್ತದೆ, ಬಿಡಬೇಡಿ. ಕೆಲವು ಚಿಪ್ಪುಗಳು ‘ಸ್ವಲ್ಪ ತಾಳು’ ಅನ್ನಲು ಕ್ಲಾಕನ್ನು ತಾವೇ ಕೆಳಗೆ ಹಿಡಿದಿರುತ್ತವೆ. ಕ್ಲಾಕ್ ಸ್ಟ್ರೆಚಿಂಗ್ ಅಂದರೆ ಇದೇ. ಪಿನ್ನು ಓದುತ್ತ ಕಾಯಿರಿ, ಆದರೆ ಎಣಿಸುತ್ತ ಕಾಯಿರಿ. ಟೈಮ್‌ಔಟ್ ಇಲ್ಲದಿದ್ದರೆ ಒಂದು ಸಡಿಲ ತಂತಿಯಿಂದ ಇಡೀ ಪ್ರೋಗ್ರಾಮು ನಿಂತುಹೋಗುತ್ತದೆ.

ಎರಡನೆಯ ಸಂಜೆಯನ್ನು ತಿಂದದ್ದು ರಿಪೀಟೆಡ್ ಸ್ಟಾರ್ಟ್, ಅಂದರೆ ನಡುವೆ ಸ್ಟಾಪ್ ಕೊಡದೆ ಮತ್ತೆ ಕೊಡುವ ಸ್ಟಾರ್ಟ್. ಕ್ಲಾಕು ಮೇಲಿರುವಾಗ ಎಸ್‌ಡಿಎ ಅಲುಗಬಾರದು. ಅಲುಗಿದರೆ ಅದಕ್ಕೆ ಬೇರೆಯೇ ಅರ್ಥ: ಕೆಳಗಿಳಿದರೆ ಸ್ಟಾರ್ಟ್, ಮೇಲೇರಿದರೆ ಸ್ಟಾಪ್. ಬೈಟ್ ಕಳಿಸಿ ಮುಗಿದಾಗ ಕ್ಲಾಕು ಕೆಳಗಿರುತ್ತದೆ, ಆಕ್‌ಗೆಂದು ಎಳೆದಿದ್ದ ಎಸ್‌ಡಿಎಯನ್ನು ಚಿಪ್ಪು ಬಿಟ್ಟು, ಅದು ಮೇಲೆ ಬಂದಿರುತ್ತದೆ ಅಂತ ನಂಬಿಕೊಂಡಿದ್ದೆ. ಬಿಟ್ಟದ್ದನ್ನು ಖಾತ್ರಿ ಮಾಡಿಕೊಳ್ಳದೆ ಕ್ಲಾಕನ್ನು ಮೊದಲು ಬಿಟ್ಟೆ. ಎಸ್‌ಡಿಎ ಆಮೇಲೆ ಏರಿತು, ಚಿಪ್ಪು ಅದನ್ನು ಸ್ಟಾಪ್ ಎಂದು ಓದಿತು. ಕ್ರಮ ಹೀಗಿರಲಿ: ಎಸ್‌ಡಿಎ ಬಿಡಿ, ಕಾಯಿರಿ, ಎಸ್‌ಸಿಎಲ್ ಬಿಡಿ, ಕಾಯಿರಿ, ಎಸ್‌ಡಿಎ ಎಳೆಯಿರಿ, ಕಾಯಿರಿ, ಎಸ್‌ಸಿಎಲ್ ಎಳೆಯಿರಿ. ಮೊದಲ ಸ್ಟಾರ್ಟಿಗೂ ಇದೇ ಫಂಕ್ಷನ್ ಸಾಕು.

ಓದುವಾಗ ಪಾತ್ರ ಅದಲುಬದಲು. ಎಸ್‌ಡಿಎ ಬಿಟ್ಟು, ಕ್ಲಾಕು ಮೇಲಿದ್ದಾಗ ಒಂದೊಂದೇ ಬಿಟ್ ಓದಿ, ಒಂಬತ್ತನೆಯದರಲ್ಲಿ ನಾವು ಆಕ್ ಕೊಡಬೇಕು. ಕೊನೆಯ ಬೈಟಿಗೆ ಮಾತ್ರ ಕೊಡಬಾರದು. ನಾನು ಕೊಟ್ಟೆ. ಸೆಕೆಂಡಿನ ರಿಜಿಸ್ಟರ್ ಸರಿಯಾಗಿ ಬಂತು, ಸ್ಟಾಪ್ ಮಾತ್ರ ಆಗಲೇ ಇಲ್ಲ. ‘ಇನ್ನೂ ಬೇಕಂತೆ’ ಎಂದುಕೊಂಡ ಚಿಪ್ಪು ನಿಮಿಷದ ರಿಜಿಸ್ಟರಿನ ಮೊದಲ ಬಿಟ್ಟನ್ನು ಲೈನಿಗೆ ಹಾಕಿತ್ತು. ಆ ಬಿಟ್ಟು ಯಾವಾಗಲೂ 0. ಎಸ್‌ಡಿಎ ಅದರ ಹಿಡಿತದಲ್ಲಿರುವಾಗ ನಾನು ಬಿಟ್ಟರೇನು, ಬಿಡದಿದ್ದರೇನು?

ವಿಳಾಸದ ಗೊಂದಲ ಎಲ್ಲರಿಗೂ ಆಗುವಂಥದ್ದು. ಈ ಚಿಪ್ಪಿನ ವಿಳಾಸ ಹೆಕ್ಸ್ 68, ಏಳು ಬಿಟ್ಟುಗಳದ್ದು. ಲೈನಿನ ಮೇಲೆ ಹೋಗುವಾಗ ಎಡಕ್ಕೆ ಒಂದು ಸರಿದು ಬರೆಯಲು ಡಿ0, ಓದಲು ಡಿ1. ಮೊದಲ ಪರೀಕ್ಷೆಗೆ ಡಿ0 ಕಳಿಸಿ ಆಕ್ ಬಂತಾ ನೋಡಿ, ಬರದಿದ್ದರೆ ಮುಂದೆ ಹೋಗಲೇಬೇಡಿ. ಬಂದರೆ 00 (ಸೆಕೆಂಡಿನ ರಿಜಿಸ್ಟರಿನ ನಂಬರು), ರಿಪೀಟೆಡ್ ಸ್ಟಾರ್ಟ್, ಡಿ1, ಒಂದು ಬೈಟ್ ಓದು, ನ್ಯಾಕ್ (ಅಂದರೆ ಆಕ್ ಕೊಡದಿರುವುದು), ಸ್ಟಾಪ್. ನನಗೆ ಸಿಕ್ಕದ್ದು ಹೆಕ್ಸ್ 80, ಎಷ್ಟು ಸಲ ಓದಿದರೂ ಅದೇ. ಡ್ರೈವರನ್ನು ಅರ್ಧ ಗಂಟೆ ಶಪಿಸಿದ ಮೇಲೆ ಡೇಟಾಶೀಟ್ ತೆಗೆದೆ. ಎತ್ತರದ ಬಿಟ್ಟು 1 ಇದ್ದರೆ ಗಡಿಯಾರ ನಿಂತಿದೆ ಎಂದರ್ಥ. ಅಲ್ಲಿಗೆ 0 ಬರೆದೆ, ಸೆಕೆಂಡು ಓಡತೊಡಗಿತು. ಅಂಕಿಗಳು ಬಿಸಿಡಿಯಲ್ಲಿರುತ್ತವೆ, ಅಂದರೆ ಪ್ರತಿ ದಶಮಾಂಶ ಅಂಕಿಗೂ ನಾಲ್ಕು ಬಿಟ್ಟು, ಹಾಗಾಗಿ ಹೆಕ್ಸ್ 59 ಆದ ಮೇಲೆ 00.

ನಾಲ್ಕನೆಯ ಸಂಜೆ ಬಂದದ್ದು ರಿಸೆಟ್‌ನಿಂದ. ಬೈಟ್ ಓದುತ್ತಿರುವಾಗಲೇ ಮೈಕ್ರೋಕಂಟ್ರೋಲರ್ ರಿಸೆಟ್ ಆದರೆ ಚಿಪ್ಪಿಗೆ ಅದು ಗೊತ್ತಾಗುವುದಿಲ್ಲ. ಎಸ್‌ಡಿಎ ಹಿಡಿದುಕೊಂಡು ಮುಂದಿನ ಕ್ಲಾಕಿಗಾಗಿ ಕಾಯುತ್ತಲೇ ಇರುತ್ತದೆ. ಆದ್ದರಿಂದ ಶುರುವಿನಲ್ಲೇ ಎಸ್‌ಡಿಎ ನೋಡಿ, ಕೆಳಗಿದ್ದರೆ ಅದು ಮೇಲೆ ಬರುವವರೆಗೆ, ಹೆಚ್ಚೆಂದರೆ ಒಂಬತ್ತು, ಕ್ಲಾಕು ಕೊಟ್ಟು ಒಂದು ಸ್ಟಾಪ್ ಕೊಡಿ.

ಸಮಯ, ತಾರೀಕು ಎಲ್ಲ ಸೇರಿ ಏಳು ರಿಜಿಸ್ಟರ್ ಓದಲು ಲೈನಿನ ಮೇಲೆ ಹತ್ತು ಬೈಟ್, ತೊಂಬತ್ತು ಕ್ಲಾಕು, ಹೆಚ್ಚುಕಡಿಮೆ 1 ಮಿಲಿಸೆಕೆಂಡ್. ಅಷ್ಟೂ ಹೊತ್ತು ಪ್ರೊಸೆಸರ್ ಇದೇ ಕೆಲಸಕ್ಕೆ ಕೂತಿರುತ್ತದೆ. ಸೆಕೆಂಡಿಗೊಮ್ಮೆ ಗಡಿಯಾರ ನೋಡುವ ನನಗೆ ಅದು ಲೆಕ್ಕಕ್ಕಿಲ್ಲ. ಸೆಕೆಂಡಿಗೆ ಸಾವಿರ ಸಲ ಸೆನ್ಸರ್ ಓದಬೇಕಾದವರು ಮಾತ್ರ ಬೋರ್ಡನ್ನೇ ತಿದ್ದುವುದು ಒಳ್ಳೆಯದು.