ಕೀಮೋ ಮೂರು ತಿಂಗಳೋ, ಆರು ತಿಂಗಳೋ? ನಾನು ಬೆರಳು ನೋಡಿ ಮಾತಾಡುತ್ತೇನೆ

ಮಂಗಳೂರಿನಲ್ಲಿ ಕ್ಯಾನ್ಸರ್‌ಗೆ ಕೀಮೋ ಕೊಡುವ ಡಾಕ್ಟರ್ ನಾನು. ದೊಡ್ಡ ಕರುಳಿನ ಕ್ಯಾನ್ಸರ್‌ಗೆ ಆಪರೇಷನ್ ಮಾಡಿಸಿಕೊಂಡು ನನ್ನ ಹತ್ತಿರ ಬಂದವರನ್ನು ಮೊದಲು ಕೇಳುವುದು, ಏನು ಕೆಲಸ ಮಾಡುತ್ತೀರಿ ಅಂತ. ಬೀಡಿ ಕಟ್ಟುವವರು ಇರುತ್ತಾರೆ. ಶಂಕರಪುರದ ಕಡೆಯವರಾದರೆ ಮಲ್ಲಿಗೆ ಕಟ್ಟುವವರು. ಬಂದರಿನ ಧಕ್ಕೆಯಲ್ಲಿ ಮೀನು ಮಾರುವವರು, ಮಲ್ಪೆಯಲ್ಲಿ ಬಲೆ ರಿಪೇರಿ ಮಾಡುವವರು. ಕೀಮೋಗೂ ಕೆಲಸಕ್ಕೂ ಏನು ಸಂಬಂಧ ಅಂತ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಾರೆ.

ಸಂಬಂಧ ಇರುವುದು ಆಕ್ಸಾಲಿಪ್ಲಾಟಿನ್ ಎಂಬ ಔಷಧಿಯಲ್ಲಿ. ಕ್ಯಾನ್ಸರ್ ಪಕ್ಕದ ದುಗ್ಧರಸ ಗ್ರಂಥಿಗಳಿಗೆ (ಲಿಂಫ್ ನೋಡ್) ಹರಡಿದ್ದರೆ, ಅಂದರೆ ಮೂರನೇ ಹಂತದಲ್ಲಿದ್ದರೆ, ಆಪರೇಷನ್ ಒಂದೇ ಸಾಕಾಗುವುದಿಲ್ಲ. ಕಣ್ಣಿಗೆ ಕಾಣದೆ ಉಳಿದ ಜೀವಕೋಶಗಳಿಗಾಗಿ ಕೀಮೋ ಬೇಕು. 2004ರಲ್ಲಿ ಪ್ರಕಟವಾದ ಮೊಸಾಯಿಕ್ ಅಧ್ಯಯನದ ನಂತರ ಹಳೆಯ ಔಷಧಿಯ ಜೊತೆ ಆಕ್ಸಾಲಿಪ್ಲಾಟಿನ್ ಸೇರಿಸಿ ಆರು ತಿಂಗಳು ಕೊಡುವುದೇ ರೂಢಿಯಾಯಿತು. ಕ್ಯಾನ್ಸರ್ ಮರಳಿ ಬರುವುದು ಕಡಿಮೆಯಾಯಿತು, ನಿಜ. ಆದರೆ ಈ ಔಷಧಿ ನರಕ್ಕೆ ಪೆಟ್ಟು ಕೊಡುತ್ತದೆ. ಡೋಸ್ ಮೇಲೆ ಡೋಸ್ ಬಿದ್ದಂತೆ ಬೆರಳ ತುದಿಯ ಜೋಮು ಜಾಸ್ತಿಯಾಗುತ್ತದೆ. ಔಷಧಿ ನಿಲ್ಲಿಸಿದ ಮೇಲೂ ಕೆಲವು ತಿಂಗಳು ಏರುತ್ತಲೇ ಹೋಗಬಹುದು. ಕೆಲವರಿಗೆ ವರ್ಷಗಟ್ಟಲೆ ಉಳಿಯುತ್ತದೆ.

ಇಷ್ಟು ದಿನ ಕೊಡಲೇಬೇಕಾ ಅಂತ ಕೇಳಿದ್ದು ಐಡಿಯಾ ಎಂಬ ಸಂಶೋಧನೆ. 12 ದೇಶಗಳಲ್ಲಿ ನಡೆದ ಆರು ಅಧ್ಯಯನಗಳನ್ನು, 12,800ಕ್ಕೂ ಜಾಸ್ತಿ ರೋಗಿಗಳ ಮಾಹಿತಿಯನ್ನು ಒಟ್ಟುಗೂಡಿಸಿ 2018ರಲ್ಲಿ ಫಲಿತಾಂಶ ಪ್ರಕಟಿಸಿದರು. ಈ ಕೆಲಸದ ಮೇಲೆ ನನಗೆ ವಿಶೇಷ ಗೌರವ. ಹೊಸ ಔಷಧಿ ತರುವುದಕ್ಕೆ ಮಾಡಿದ್ದಲ್ಲ ಅದು. ಇರುವ ಔಷಧಿಯನ್ನೇ ಕಡಿಮೆ ಕೊಟ್ಟರೆ ಸಾಕಾ ಅಂತ ನೋಡಿದ್ದು. ಅಂಥ ಪ್ರಶ್ನೆ ಕೇಳುವವರು ಕಡಿಮೆ.

ಉತ್ತರ ಅಷ್ಟು ಸರಳವಾಗಿ ಬರಲಿಲ್ಲ. ಮೂರು ವರ್ಷದ ನಂತರ ಕ್ಯಾನ್ಸರ್ ಇಲ್ಲದೆ ಬದುಕಿದ್ದವರು ಮೂರು ತಿಂಗಳ ಗುಂಪಿನಲ್ಲಿ ಶೇ. 74.6, ಆರು ತಿಂಗಳ ಗುಂಪಿನಲ್ಲಿ ಶೇ. 75.5. ವ್ಯತ್ಯಾಸ ಸಣ್ಣದು, ಆದರೂ ಎಲ್ಲರಿಗೂ ಮೂರೇ ಸಾಕು ಅಂತ ಲೆಕ್ಕದ ಪ್ರಕಾರ ಸಾಬೀತಾಗಲಿಲ್ಲ. ಒಳಗೆ ಬಿಡಿಸಿ ನೋಡಿದಾಗ ಚಿತ್ರ ಸ್ಪಷ್ಟವಾಯಿತು. ಗಡ್ಡೆ ಕರುಳಿನ ಹೊರಪದರ ಒಡೆದು ಬಂದಿಲ್ಲ, ಮೂರಕ್ಕಿಂತ ಹೆಚ್ಚು ಗ್ರಂಥಿಗಳಿಗೆ ಹರಡಿಲ್ಲ ಎಂದಾದರೆ, ಕೇಪಾಕ್ಸ್ ಎಂಬ ಜೋಡಿ ಔಷಧಿ (ಆಕ್ಸಾಲಿಪ್ಲಾಟಿನ್ ಡ್ರಿಪ್, ಜೊತೆಗೆ ಒಂದು ಮಾತ್ರೆ) ಮೂರು ತಿಂಗಳು ಕೊಟ್ಟರೂ ಆರು ತಿಂಗಳಷ್ಟೇ ಫಲ. ಬೆರಳಿನ ಲೆಕ್ಕವಂತೂ ಕಣ್ಣಿಗೆ ಹೊಡೆಯುವಂತಿತ್ತು. ಕೇಪಾಕ್ಸ್ ಆರು ತಿಂಗಳು ತಗೊಂಡವರಲ್ಲಿ ಶೇ. 45ರಷ್ಟು ಜನರಿಗೆ ಕೆಲಸಕ್ಕೆ ತೊಂದರೆ ಕೊಡುವಂಥ ನರದ ಸಮಸ್ಯೆ ಬಂದಿತ್ತು. ಮೂರು ತಿಂಗಳಿಗೆ ನಿಲ್ಲಿಸಿದವರಲ್ಲಿ ಶೇ. 14ರಷ್ಟು.

ಹಾಗಾಗಿ ಮೊದಲ ಭೇಟಿಯಲ್ಲೇ ಆಪರೇಷನ್‌ನ ಬಯಾಪ್ಸಿ ರಿಪೋರ್ಟನ್ನು ಪೂರ್ತಿ ಓದುತ್ತೇನೆ. ಗಡ್ಡೆ ಎಷ್ಟು ಆಳ ಹೋಗಿದೆ, ಎಷ್ಟು ಗ್ರಂಥಿ ತೆಗೆದು ನೋಡಿದ್ದಾರೆ, ಎಷ್ಟರಲ್ಲಿ ಕ್ಯಾನ್ಸರ್ ಇದೆ. ಕನಿಷ್ಠ 12 ಗ್ರಂಥಿ ಪರೀಕ್ಷೆ ಆಗಿರಬೇಕು. ಇಲ್ಲದಿದ್ದರೆ ಹಂತ ಹೇಳುವುದೇ ಅನುಮಾನ. ಡಿಸ್ಚಾರ್ಜ್ ಚೀಟಿ ಮಾತ್ರ ಹಿಡಿದು ಬಂದವರಿಗೆ, ದಯವಿಟ್ಟು ಆ ರಿಪೋರ್ಟ್ ತನ್ನಿ ಅಂತ ಹೇಳಿ ಕಳಿಸುತ್ತೇನೆ.

ಬಂಟ್ವಾಳದ ಕಡೆಯ ಒಬ್ಬ ಅಮ್ಮನಿಗೆ ಎರಡು ಗ್ರಂಥಿಯಲ್ಲಿ ಕ್ಯಾನ್ಸರ್ ಇತ್ತು, ಹೊರಪದರ ಸರಿಯಾಗಿತ್ತು. ಬೀಡಿ ಕಟ್ಟಿ ಮನೆ ನಡೆಸುವವರು. ನಾಲ್ಕು ಡೋಸ್ ಕೇಪಾಕ್ಸ್, ಅಂದರೆ ಮೂರು ತಿಂಗಳು ಅಂತ ತೀರ್ಮಾನ ಮಾಡಿದೆವು. ಪ್ರತಿ ಡೋಸಿನ ಮೊದಲು ಎಲೆ, ನೂಲು ತರಲು ಹೇಳುತ್ತಿದ್ದೆ. ಎಲೆ ಸುತ್ತುವುದು ಸಲೀಸಾಗಿ ಆಗುತ್ತಿತ್ತು. ತುದಿ ಮಡಚಿ ನೂಲು ಬಿಗಿಯುವಾಗ ಕಷ್ಟ ಗೊತ್ತಾಗುತ್ತಿತ್ತು. ಮೂರನೇ ಡೋಸ್ ಆದ ಮೇಲೆ, ‘ನೂಲು ಬೆರಳಿಗೆ ಸಿಗುವುದಿಲ್ಲ ಡಾಕ್ಟ್ರೇ, ಕಣ್ಣಲ್ಲಿ ನೋಡಿ ಹಿಡಿಯಬೇಕು’ ಅಂದರು. ಬೀಡಿ ಸಡಿಲವಾದರೆ ಬೀಡಿ ಕಂಪನಿಯ ಬ್ರಾಂಚಿನಲ್ಲಿ ತಗೊಳ್ಳುವುದಿಲ್ಲ, ಮಜೂರಿ ಹೋಯಿತು. ‘ಜೋಮು ಇದೆಯಾ’ ಅಂತ ಸುಮ್ನೆ ಕೇಳಿದ್ದರೆ ಸ್ವಲ್ಪ ಇದೆ ಅಂತಷ್ಟೇ ಹೇಳುತ್ತಿದ್ದರು. ನಾಲ್ಕನೇ ಡೋಸನ್ನು ಕಡಿಮೆ ಮಾಡಿ ಕೊಟ್ಟೆ.

ಎಲ್ಲರಿಗೂ ಮೂರು ತಿಂಗಳು ಅಂತ ನಾನು ಹೇಳುತ್ತಿಲ್ಲ. ಗಡ್ಡೆ ಹೊರಪದರ ದಾಟಿದ್ದರೆ, ನಾಲ್ಕೋ ಅದಕ್ಕಿಂತ ಜಾಸ್ತಿಯೋ ಗ್ರಂಥಿಗೆ ಹೋಗಿದ್ದರೆ ಆರು ತಿಂಗಳ ಮಾತೇ ಬರುತ್ತದೆ. ಬಲೆ ಹೆಣೆಯುವ ಒಬ್ಬರಿಗೆ ಹಾಗೇ ಶುರು ಮಾಡಿ, ಬೆರಳು ಕೈಕೊಡುತ್ತಿದೆ ಅಂತ ಕಂಡ ಮೇಲೆ ಆಕ್ಸಾಲಿಪ್ಲಾಟಿನ್ ಮಾತ್ರ ಬಿಟ್ಟು ಮಾತ್ರೆ ಮುಂದುವರಿಸಿದೆ. ಎಲ್ಲ ಅಥವಾ ಏನೂ ಇಲ್ಲ ಅನ್ನುವ ಲೆಕ್ಕ ಇದಲ್ಲ.

ಚಳಿಯ ವಿಷಯ ಬೇರೆ. ಆಕ್ಸಾಲಿಪ್ಲಾಟಿನ್ ಡ್ರಿಪ್ ಹಾಕಿದ ಮೊದಲ ಕೆಲವು ದಿನ ತಣ್ಣಗಿದ್ದದ್ದು ಮುಟ್ಟಿದರೆ ಕರೆಂಟ್ ಹೊಡೆದ ಹಾಗೆ ಆಗುತ್ತದೆ, ತಣ್ಣೀರು ಕುಡಿದರೆ ಗಂಟಲು ಕಟ್ಟಿದ ಹಾಗೆ. ನಮ್ಮೂರಲ್ಲಿ ಐಸ್‌ಕ್ರೀಂ ಬಿಡುವುದು ಕಷ್ಟವೇ, ಬಿಡಲೇಬೇಕು. ಮೀನು ಮಾರುವವರಿಗಂತೂ ಆ ದಿನಗಳಲ್ಲಿ ಐಸ್ ಪೆಟ್ಟಿಗೆಗೆ ಕೈ ಹಾಕಲೇಬೇಡಿ ಅನ್ನುತ್ತೇನೆ. ಡ್ರಿಪ್ ಮೂರು ವಾರಕ್ಕೊಮ್ಮೆ ಬರುವುದರಿಂದ ಮನೆಯ ಇನ್ನೊಬ್ಬರು ಆ ದಿನ ಬುಟ್ಟಿ ಹಿಡಿಯುವ ಏರ್ಪಾಡು ಮಾಡಿಕೊಳ್ಳಬಹುದು.

ಕೇಪಾಕ್ಸ್‌ನ ಇನ್ನೊಂದು ಔಷಧಿ ಕೆಪೆಸಿಟಾಬಿನ್ ಮಾತ್ರೆ. ಹದಿನಾಲ್ಕು ದಿನ ತಗೊಂಡು ಏಳು ದಿನ ಬಿಡಬೇಕು. ಇದರಿಂದ ಅಂಗೈ, ಅಂಗಾಲು ಕೆಂಪಾಗಿ ಉರಿದು ಸುಲಿಯುತ್ತದೆ. ಇದಕ್ಕೆ ನಮ್ಮ ದೇಶದಲ್ಲೇ ಒಳ್ಳೆ ಉತ್ತರ ಸಿಕ್ಕಿದೆ. ದೆಹಲಿಯ ಏಮ್ಸ್‌ನವರು ನೋವಿಗೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ಪರೀಕ್ಷಿಸಿ 2024ರಲ್ಲಿ ಪ್ರಕಟಿಸಿದರು. ಮಧ್ಯಮ ಅಥವಾ ಜೋರಾದ ಸುಲಿತ ಶೇ. 15ರಿಂದ ಶೇ. 3.8ಕ್ಕೆ ಇಳಿದಿತ್ತು. ಅಗ್ಗದ ಟ್ಯೂಬ್, ಎಲ್ಲ ಮೆಡಿಕಲ್‌ನಲ್ಲೂ ಸಿಗುತ್ತದೆ. ಆದರೂ ನಿಮ್ಮ ಡಾಕ್ಟರನ್ನು ಕೇಳಿಯೇ ಶುರು ಮಾಡಿ. ನಾನು ದಿನಕ್ಕೆ ಎರಡು ಸಲ ಹಚ್ಚಲು ಹೇಳುತ್ತೇನೆ. ಬೀಡಿ ಕಟ್ಟುವವರಾದರೆ ಹೊಗೆಸೊಪ್ಪಿನ ಪುಡಿ ಅಂಟದ ಹಾಗೆ, ಕೆಲಸ ಮುಗಿಸಿ ಕೈ ತೊಳೆದ ಮೇಲೆ.